ಹಕ್ಕಿಯ ಕಾಲಿಗೊಂದು ಉಂಗುರ: ಸಲೀಂ ಅಲಿ ಅವರ ಕಥೆ

ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ರಂಗನತಿಟ್ಟಿಗೆ ಹೋಗಿಬರದವರು ನಮ್ಮ ಕ್ಯಾಂಪಸ್‌ನಲ್ಲಿ ಸಿಗೋದು ಕಷ್ಟ. ದೋಣಿ, ಮೊಸಳೆ, ಬಣ್ಣದ ಕೊಕ್ಕರೆ, ನಾಲ್ಕು ಸೆಲ್ಫಿ, ಅಷ್ಟಕ್ಕೆ ಟ್ರಿಪ್ ಮುಗಿಯುತ್ತೆ. 1940ರಲ್ಲಿ ಆ ಜಾಗ ಪಕ್ಷಿಧಾಮ ಆಗೋಕೆ ಕಾರಣರಾದವರು ಸಲೀಂ ಅಲಿ ಅನ್ನೋದು ಅಲ್ಲಿಗೆ ಹೋದವರಲ್ಲಿ ಕೆಲವರಿಗೆ ಗೊತ್ತಿರುತ್ತೆ. ಅವರನ್ನು ಭಾರತದ ಪಕ್ಷಿಮಾನವ ಅಂತ ಕರೆಯುತ್ತಾರೆ ಅಂತ ಜಿಕೆ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ.

ಜಿಕೆ ಪುಸ್ತಕದಲ್ಲಿ ಇಲ್ಲದ ಒಂದು ವಿಷಯ ಇದೆ. ಈ ಪಕ್ಷಿಮಾನವ ತಮ್ಮ ಅರವತ್ತರ ವಯಸ್ಸಿನ ನಂತರ ಲಕ್ಷಗಟ್ಟಲೆ ಹಕ್ಕಿಗಳ ಕಾಲಿಗೆ ಉಂಗುರ ಹಾಕಿಸಿದ ಕೆಲಸಕ್ಕೆ ದುಡ್ಡು ಬಂದಿದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದಲ್ಲ, ಅನುಮಾನದಿಂದ. ವಲಸೆ ಹಕ್ಕಿಗಳು ದೂರದ ದೇಶದಿಂದ ಮನುಷ್ಯರಿಗೆ ರೋಗ ತರುತ್ತಿವೆಯಾ ಅನ್ನೋ ಅನುಮಾನ. ಆ ಅನುಮಾನ ಹುಟ್ಟಿದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಇವತ್ತಿಗೂ ಇದೇ ಪ್ರಶ್ನೆ ಏಳುತ್ತೆ. ಅದಕ್ಕೇ ಈ ಸಂಚಿಕೆಯಲ್ಲಿ ಅವರ ಜೀವನದ ಕಥೆಯನ್ನು ಈ ಪ್ರಶ್ನೆ ಹಿಡಿದುಕೊಂಡು ಹೇಳೋಣ ಅಂತ.

ಒಂದು ಗುಬ್ಬಿ, ಒಂದು ಏರ್‌ಗನ್

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಮನೆಯಲ್ಲಿ ಹತ್ತನೇ ಮಗು, ಎಲ್ಲರಿಗಿಂತ ಕಿರಿಯ. ಒಂದು ವರ್ಷ ಆಗುವಷ್ಟರಲ್ಲಿ ಅಪ್ಪ ತೀರಿಕೊಂಡರು, ಮೂರು ವರ್ಷಕ್ಕೆ ಅಮ್ಮನೂ ಹೋದರು. ಆಮೇಲೆ ಮಕ್ಕಳನ್ನೆಲ್ಲ ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ.

ಮಾವನಿಗೆ ಬೇಟೆಯ ಶೋಕಿ. ಹುಡುಗನಿಗೂ ಒಂದು ಆಟದ ಏರ್‌ಗನ್ ಸಿಕ್ಕಿತ್ತು. ಸುಮಾರು ಹತ್ತು ವರ್ಷದವನಿದ್ದಾಗ ಅದರಲ್ಲಿ ಒಂದು ಗುಬ್ಬಿಯನ್ನು ಹೊಡೆದ. ನೋಡಿದರೆ ಅದರ ಕತ್ತಿನ ಹತ್ತಿರ ಹಳದಿ ಮಚ್ಚೆ! ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗೆ ಹಾಗೆ ಇರಲ್ಲ. ಇದು ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತೆಗೆದುಕೊಂಡು ಹೋಗು ಅಂತ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲ್ಲರ್ಡ್ ಅದು ಹಳದಿ ಕತ್ತಿನ ಗುಬ್ಬಿ ಅಂತ ಗುರುತು ಹಿಡಿದರು. ಅಷ್ಟೇ ಅಲ್ಲ, ಬೀರುಗಳನ್ನು ತೆಗೆದು ಸೊಸೈಟಿಯಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ಆ ಹುಡುಗನಿಗೆ ತೋರಿಸಿದರು. ಮುಂದೆ ತಮ್ಮ ಆತ್ಮಕಥೆಗೆ ಸಲೀಂ ಅಲಿ ಇಟ್ಟ ಹೆಸರಿನಲ್ಲೂ ಆ ಬಿದ್ದ ಗುಬ್ಬಿಯೇ ಇದೆ.

ಇಲ್ಲಿ ಒಂದು ಮಾತು. ಅವರು ಹಕ್ಕಿಗೆ ಕಾಳು ಹಾಕುತ್ತಾ ಕೂತವರಲ್ಲ. ಅಧ್ಯಯನಕ್ಕೆ ಬೇಕಾದಾಗ ಹಕ್ಕಿಗಳನ್ನು ಹೊಡೆದು ಚರ್ಮ ಬಿಡಿಸಿ ಸಂಗ್ರಹಿಸಿದವರು. ಆ ಕಾಲದ ಪಕ್ಷಿವಿಜ್ಞಾನ ನಡೀತಿದ್ದದ್ದೇ ಹಾಗೆ. ಅವರಿಗೆ ಬೇಕಿದ್ದದ್ದು ಹಕ್ಕಿಯ ಬಗ್ಗೆ ಸರಿಯಾದ ಉತ್ತರ.

ಡಿಗ್ರಿ ಎಲ್ಲಿ?

ನಮಗೆಲ್ಲ ಸ್ವಲ್ಪ ಸಮಾಧಾನ ಕೊಡುವ ಭಾಗ ಈಗ ಬರುತ್ತೆ. ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದ ಸಲೀಂ ಮೊದಲ ವರ್ಷವೇ ಸುಸ್ತಾಗಿ ಓದು ಬಿಟ್ಟರು. ಬರ್ಮಾದ ತವಾಯ್‌ನಲ್ಲಿ ಮನೆಯವರದು ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ಇತ್ತು. ಅದನ್ನು ನೋಡಿಕೊಳ್ಳೋಕೆ ಅಲ್ಲಿಗೆ ಹೋದರು. ಗಣಿಗಿಂತ ಸುತ್ತಲಿನ ಕಾಡೇ ಅವರನ್ನು ಹೆಚ್ಚು ಎಳೆಯಿತು. 1917ರಲ್ಲಿ ವಾಪಸ್ ಬಂದು ಕಾಮರ್ಸ್ ಓದೋಕೆ ಹೊರಟರು. ಅವರ ಮನಸ್ಸು ಎಲ್ಲಿದೆ ಅಂತ ಗಮನಿಸಿದ ಝೇವಿಯರ್ಸ್‌ನ ಫಾದರ್ ಬ್ಲಾಟರ್ ಪ್ರಾಣಿಶಾಸ್ತ್ರವನ್ನೂ ಓದುವಂತೆ ಒಪ್ಪಿಸಿದರು. 1918ರಲ್ಲಿ ತೆಹ್ಮಿನಾ ಜೊತೆ ಮದುವೆ ಆಯ್ತು.

ಜುವಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇದ್ದಾಗ ಅರ್ಜಿ ಹಾಕಿದರು. ಯೂನಿವರ್ಸಿಟಿ ಡಿಗ್ರಿ ಇಲ್ಲ ಅನ್ನೋ ಕಾರಣಕ್ಕೆ ಕೆಲಸ ಸಿಗಲಿಲ್ಲ. ಕೊನೆಗೆ 1926ರಲ್ಲಿ ಮುಂಬೈನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆದರು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷಕ್ಕೇ ಇನ್ನೂ ಕಲಿಯಬೇಕು ಅನ್ನಿಸಿ ರಜೆ ಹಾಕಿ ಜರ್ಮನಿಗೆ ಹೋದರು.

ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಹತ್ತಿರ ಕೆಲಸ ಕಲಿತರು. ಜೀವನಪೂರ್ತಿ ತಮ್ಮ ಗುರು ಅಂತ ಹೇಳಿಕೊಂಡಿದ್ದು ಇವರನ್ನೇ. ಅದೇ ಸಮಯದಲ್ಲಿ ಉತ್ತರ ಸಮುದ್ರದ ಹೆಲ್ಗೋಲ್ಯಾಂಡ್ ಅನ್ನೋ ಪುಟ್ಟ ದ್ವೀಪಕ್ಕೂ ಹೋಗಿದ್ದರು. ವಲಸೆ ಹಕ್ಕಿಗಳು ದಣಿವಾರಿಸಿಕೊಳ್ಳೋಕೆ ಇಳಿಯುವ ಆ ದ್ವೀಪದಲ್ಲಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಡುವ ಕೇಂದ್ರ ಇತ್ತು. ಆ ಕೈಕೆಲಸವನ್ನು ಸಲೀಂ ಅಲಿ ಕಲಿತಿದ್ದು ಅಲ್ಲಿ. ಮುಂದೆ ಇದೇ ನಮ್ಮ ಕಥೆಯ ಮುಖ್ಯ ಭಾಗ ಆಗುತ್ತೆ.

1930ರಲ್ಲಿ ವಾಪಸ್ ಬಂದರೆ ಮ್ಯೂಸಿಯಂನಲ್ಲಿ ದುಡ್ಡಿಲ್ಲ ಅಂತ ಅವರ ಹುದ್ದೆಯನ್ನೇ ತೆಗೆದುಹಾಕಿದ್ದರು. ಕೈಯಲ್ಲಿ ಕೆಲಸ ಇಲ್ಲ. ಗಂಡ ಹೆಂಡತಿ ಇಬ್ಬರೂ ಅಲಿಬಾಗ್ ಹತ್ತಿರದ ಕಿಹಿಮ್ ಅನ್ನೋ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ದಿನಾ ಕೂತು ನೋಡಿದರು, ಬರೆದಿಟ್ಟರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ, ಹೆಣ್ಣು ಬಂದು ಇನ್‌ಸ್ಪೆಕ್ಷನ್ ಮಾಡುತ್ತೆ, ಪಾಸಾದರೆ ಮಾತ್ರ ಉಳಿದ ಅರ್ಧ. ಒಂದು ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮತ್ತೊಂದು ಗೂಡು ಶುರುಮಾಡಿ ಮತ್ತೊಬ್ಬಳನ್ನು ಕರೆಯುತ್ತೆ. ಈ ಅಧ್ಯಯನದಿಂದಲೇ ಅವರ ಹೆಸರು ವಿಜ್ಞಾನಿಗಳ ನಡುವೆ ಓಡಾಡೋಕೆ ಶುರುವಾಗಿದ್ದು. ಲ್ಯಾಬ್ ಇಲ್ಲ, ಗ್ರಾಂಟ್ ಇಲ್ಲ. ಇದ್ದದ್ದು ನೋಟ್‌ಬುಕ್ ಮತ್ತು ತಾಳ್ಮೆ.

ಮೈಸೂರಿಗೆ ಬಂದ ಸಲೀಂ ಅಲಿ

ಕೆಲಸ ಇಲ್ಲದವರು ಒಂದು ಉಪಾಯ ಹುಡುಕಿಕೊಂಡರು. ದೇಶದ ತುಂಬ ಸಂಸ್ಥಾನಗಳಿದ್ದವು, ಯಾವ ಸಂಸ್ಥಾನದಲ್ಲಿ ಯಾವ ಹಕ್ಕಿ ಇದೆ ಅನ್ನೋ ಸರಿಯಾದ ಪಟ್ಟಿ ಎಷ್ಟೋ ಕಡೆ ಇರಲಿಲ್ಲ. ಓಡಾಟ ಮತ್ತು ಕ್ಯಾಂಪ್ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ, ಸರ್ವೆ ಮಾಡಿಕೊಡ್ತೀನಿ ಅಂತ ಅವರು ಮುಂದೆ ಬಂದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಹೀಗೆ ಒಂದೊಂದೇ ಸಂಸ್ಥಾನ ಸುತ್ತಿದರು. ಕಾಡಿನ ಕ್ಯಾಂಪ್ ಜೀವನಕ್ಕೆ ತೆಹ್ಮಿನಾ ಕೂಡ ಹೊಂದಿಕೊಂಡು ಜೊತೆಗೇ ಇದ್ದರು. 1939ರಲ್ಲಿ ಒಂದು ಚಿಕ್ಕ ಆಪರೇಷನ್ ಆದ ಮೇಲೆ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆ ಆಗಲಿಲ್ಲ. ಅಕ್ಕ ಕಮೂ ಮತ್ತು ಭಾವನ ಮನೆಯೇ ಆಮೇಲೆ ಅವರ ಮನೆ ಆಯ್ತು.

ಮೈಸೂರು ಸಂಸ್ಥಾನದ ಸರ್ವೆ ನಡೆದಿದ್ದು ಅದೇ ಸುಮಾರಿಗೆ, 1939-40ರಲ್ಲಿ. ಅದರ ವರದಿ 1942ರಿಂದ ಸೊಸೈಟಿಯ ಜರ್ನಲ್‌ನಲ್ಲಿ ಭಾಗ ಭಾಗವಾಗಿ ಬಂತು. ನಮ್ಮ ಕಡೆಯ ಹಕ್ಕಿಗಳ ಬಗ್ಗೆ ಗಂಭೀರವಾಗಿ ಓದಬೇಕು ಅನ್ನೋರು ಇವತ್ತಿಗೂ ಅದನ್ನು ತಿರುವಿ ಹಾಕುತ್ತಾರೆ. ಆ ಓಡಾಟದಲ್ಲೇ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಕಂಡಿದ್ದು. 17ನೇ ಶತಮಾನದಲ್ಲಿ ನದಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ತಿಟ್ಟುಗಳು ಅವು. ಅಂದರೆ ಯಾವುದೋ ಕಾಲದ ಇಂಜಿನಿಯರಿಂಗ್ ಕೆಲಸದ ಮೇಲೆ ಹಕ್ಕಿಗಳು ಬಂದು ಸಂಸಾರ ಹೂಡಿದ್ದವು. ಇದನ್ನು ಕಾಪಾಡಿ ಅಂತ ಸಲೀಂ ಅಲಿ ಮೈಸೂರು ಅರಸರಿಗೆ ಮನವರಿಕೆ ಮಾಡಿದರು, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು.

1941ರಲ್ಲಿ ಅವರು ಬರೆದ ಭಾರತದ ಹಕ್ಕಿಗಳ ಕೈಪಿಡಿ ಹೊರಬಂತು. ಜೈಲಿನಲ್ಲಿದ್ದ ನೆಹರು ಅದರ ಒಂದು ಪ್ರತಿಯನ್ನು ಮಗಳು ಇಂದಿರಾಗೆ ಕೊಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ದುಡ್ಡಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದ ಬಾಂಬೆ ಸೊಸೈಟಿಯನ್ನು ನೆಹರು ಸರ್ಕಾರದಿಂದ ನೆರವು ಪಡೆದು ಉಳಿಸಿದವರೂ ಸಲೀಂ ಅಲಿಯೇ.

ಬೈಕ್ ಪ್ರಿಯರಿಗೆ ಒಂದು ಬೋನಸ್. ಅವರಿಗೆ ಮೋಟಾರ್‌ಸೈಕಲ್ ಅಂದ್ರೆ ಹುಚ್ಚು. ಹಾರ್ಲೆ-ಡೇವಿಡ್‌ಸನ್ ಸೇರಿ ಹಲವು ಗಾಡಿಗಳನ್ನು ಓಡಿಸಿದವರು. 1950ರಲ್ಲಿ ಸ್ವೀಡನ್‌ನ ಉಪ್ಸಾಲಾದಲ್ಲಿ ಅಂತರರಾಷ್ಟ್ರೀಯ ಪಕ್ಷಿವಿಜ್ಞಾನ ಸಮ್ಮೇಳನ ಇತ್ತು. ಸಲೀಂ ಅಲಿ ತಮ್ಮ ಸನ್‌ಬೀಮ್ ಬೈಕನ್ನು ಹಡಗಿಗೆ ಹಾಕಿಸಿ, ಯುರೋಪಿನ ರಸ್ತೆಗಳಲ್ಲಿ ಬಿದ್ದು ಎದ್ದು ಲಗೇಜ್ ಸಮೇತ ಸಮ್ಮೇಳನಕ್ಕೆ ಬಂದಿಳಿದರು. ಇವರು ಭಾರತದಿಂದಲೇ ಬೈಕಲ್ಲಿ ಬಂದಿದ್ದಾರೆ ಅಂತ ಅಲ್ಲೆಲ್ಲ ಸುದ್ದಿ ಹಬ್ಬಿತಂತೆ. ಆಗ ಅವರಿಗೆ 53 ವರ್ಷ.

1957: ಕ್ಯಾಸನೂರಿನ ಕಾಡು

ಈಗ ಮಲೆನಾಡಿಗೆ ಬರೋಣ. 1957ರ ಮಾರ್ಚ್. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸೌದೆಗೆ, ಸೊಪ್ಪಿಗೆ, ದನ ಮೇಯಿಸೋಕೆ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಕೆಲವರು ಬದುಕಲಿಲ್ಲ.

ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಹೋದಾಗ ಅಲ್ಲಿಯವರಿಗೆ ಮೊದಲು ಹುಟ್ಟಿದ್ದು ದೊಡ್ಡ ಭಯ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಕಾಯಿಲೆ ಅಂದ್ರೆ ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ನೆನಪಾಗುತ್ತೆ. ಅದು ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ. ವಿಜ್ಞಾನಿಗಳು ಕಾಡಿಗೆ ಓಡಿದರು, ಸತ್ತ ಮಂಗಗಳಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರ ಆಗಿರಲಿಲ್ಲ. ಹರಡುತ್ತಿದ್ದದ್ದು ಸೊಳ್ಳೆಯೂ ಅಲ್ಲ, ಉಣುಗು. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುತ್ತಲ್ಲ, ಆ ಜಾತಿಯ ಹುಳು. ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂದರು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಆದರೆ ಒಂದು ವಿಚಿತ್ರ ಇತ್ತು. ಪರೀಕ್ಷೆಯಲ್ಲಿ ಈ ವೈರಸ್ಸು ರಷ್ಯಾ, ಸೈಬೀರಿಯಾ ಕಡೆ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ ಗುಂಪಿಗೆ ಸೇರುತ್ತಿತ್ತು. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಸಾವಿರಾರು ಕಿಲೋಮೀಟರ್, ಮಧ್ಯೆ ಹಿಮಾಲಯ. ಉಣುಗು ನಡೆದುಕೊಂಡು ಬರೋಕಾಗಲ್ಲ. ಹಾಗಾದರೆ ಯಾರ ಮೈಮೇಲೆ ಕೂತು ಬಂತು? ಪ್ರತಿ ಚಳಿಗಾಲ ಅಲ್ಲಿಂದ ಇಲ್ಲಿಗೆ ಬರೋದು ವಲಸೆ ಹಕ್ಕಿಗಳು. ಅನುಮಾನ ಸೀದಾ ಅವುಗಳ ಮೇಲೆ ಹೋಯ್ತು.

ಉಂಗುರದ ಲೆಕ್ಕ

ಅನುಮಾನ ಸರಿಯೋ ತಪ್ಪೋ ಅಂತ ಹೇಳಬೇಕಾದರೆ ಮೊದಲು ಯಾವ ಹಕ್ಕಿ ಎಲ್ಲಿಂದ ಬರುತ್ತೆ, ಯಾವ ದಾರಿಯಲ್ಲಿ ಬರುತ್ತೆ, ಯಾವಾಗ ಬರುತ್ತೆ ಅಂತ ಗೊತ್ತಿರಬೇಕು. ಆಗ ಅದರ ಡೇಟಾ ನಮ್ಮಲ್ಲಿ ಇದ್ದದ್ದು ಬಹಳ ಕಮ್ಮಿ. ಬಾಂಬೆ ಸೊಸೈಟಿ 1927ರಲ್ಲೇ ಉಂಗುರ ಹಾಕೋಕೆ ಶುರುಮಾಡಿತ್ತು, ಆದರೆ ದೊಡ್ಡ ಪ್ರಮಾಣದಲ್ಲಿ ಮಾಡೋಕೆ ದುಡ್ಡಿರಲಿಲ್ಲ. ಸಲೀಂ ಅಲಿ ಈ ಅವಕಾಶ ಹಿಡಿದುಕೊಂಡರು. ಮಂಗನ ಕಾಯಿಲೆಯ ಮೂಲ ಹುಡುಕುವ ಕೆಲಸಕ್ಕೆ ವಲಸೆಯ ಅಧ್ಯಯನವನ್ನು ಸೇರಿಸಿ, 1959ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಯೋಜನೆ ಶುರುಮಾಡಿಸಿದರು. ಆಗ ಅವರಿಗೆ 60 ದಾಟಿತ್ತು.

ಕೆಲಸದ ಮುಖ್ಯ ಜಾಗಗಳಲ್ಲಿ ಒಂದು ರಾಜಸ್ಥಾನದ ಭರತ್‌ಪುರ. ಅದು ಹಿಂದೆ ಮಹಾರಾಜರ ಬೇಟೆಯ ಕೆರೆ. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದಿದ್ದರು. ಅದೇ ನೀರಿನ ಮೇಲೆ ಈಗ ಬಲೆ ಬಿತ್ತು, ಕೊಲ್ಲೋಕಲ್ಲ. ಬಿಹಾರದ ಮೀರ್‌ಶಿಕಾರಿಗಳು ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದವರು. ಹಕ್ಕಿಗೆ ನೋವಾಗದಂತೆ ಹಿಡಿಯುವ ಅವರ ಕೈಚಳಕ ಈ ವಿಜ್ಞಾನಕ್ಕೆ ಬೇಕಾಯ್ತು.

ಉಂಗುರ ಅಂದ್ರೆ ಹಗುರವಾದ ಅಲ್ಯೂಮಿನಿಯಂ ಪಟ್ಟಿ. ಅದರ ಮೇಲೆ ಒಂದು ನಂಬರ್ ಮತ್ತು ಸಿಕ್ಕಿದವರು ಬಾಂಬೆ ಸೊಸೈಟಿಗೆ ತಿಳಿಸಬೇಕು ಅನ್ನೋ ಸೂಚನೆ. 1899ರಲ್ಲಿ ಡೆನ್ಮಾರ್ಕಿನ ಒಬ್ಬ ಶಾಲಾ ಮೇಷ್ಟ್ರು, ಮೊರ್ಟೆನ್‌ಸೆನ್ ಅಂತ, ಶುರುಮಾಡಿದ ಪದ್ಧತಿ ಇದು. ಡೇಟಾಬೇಸ್ ಓದಿದವರಿಗೆ ಸುಲಭವಾಗಿ ಅರ್ಥ ಆಗುತ್ತೆ, ಪ್ರತಿ ಹಕ್ಕಿಗೂ ಒಂದು ಪ್ರೈಮರಿ ಕೀ. ಹಿಡಿದ ಜಾಗ, ದಿನ, ತೂಕ, ರೆಕ್ಕೆಯ ಅಳತೆ ಎಲ್ಲ ಆ ನಂಬರಿನ ಮುಂದೆ ರಿಜಿಸ್ಟರಿನಲ್ಲಿ. ಹಕ್ಕಿಯ ಮೈಮೇಲೆ ಉಣುಗು ಇದ್ದರೆ ತೆಗೆದು ಶೀಶೆಗೆ, ರಕ್ತದ ಒಂದು ಸ್ಯಾಂಪಲ್ ವೈರಸ್ ಪರೀಕ್ಷೆಗೆ. ಆಮೇಲೆ ಹಕ್ಕಿ ಆಕಾಶಕ್ಕೆ.

ಆಮೇಲೆ ಕಾಯೋದು. ಇಲ್ಲಿ ಜಿಪಿಎಸ್ ಇಲ್ಲ, ಸಿಗ್ನಲ್ ಇಲ್ಲ. ಎಲ್ಲೋ ದೂರದಲ್ಲಿ ಒಬ್ಬ ಬೇಟೆಗಾರ ಬಾತುಕೋಳಿ ಹೊಡೆದು, ಕಾಲಲ್ಲಿ ಉಂಗುರ ನೋಡಿ, ಪೋಸ್ಟಿನಲ್ಲಿ ಬರೆದು ಕಳಿಸಿದರೆ ಮಾತ್ರ ಎರಡನೇ ಬಿಂದು ಸಿಗುತ್ತೆ. ಹಾಗೆ ತಿಳಿಸೋರು ತೀರಾ ಕಮ್ಮಿ, ಅದಕ್ಕೇ ಲಕ್ಷಗಟ್ಟಲೆ ಹಕ್ಕಿಗೆ ಉಂಗುರ ಹಾಕಬೇಕಾಗಿದ್ದು. ಸೋವಿಯತ್ ಒಕ್ಕೂಟದಿಂದ ಕಾಗದಗಳು ಬರತೊಡಗಿದವು. ಭಾರತದಲ್ಲಿ ಉಂಗುರ ತೊಟ್ಟ ಬಾತುಗಳು ಅಲ್ಲಿ ಸಿಕ್ಕಿದ್ದವು. ಎರಡು ಬಿಂದು ಸೇರಿ ಗೆರೆ, ಗೆರೆಗಳು ಸೇರಿ ನಕ್ಷೆ. ನಮ್ಮ ದೇಶದ ವಲಸೆ ಹಕ್ಕಿಗಳ ದಾರಿ ಕಾಗದದ ಮೇಲೆ ಮೂಡೋಕೆ ಶುರುವಾಗಿದ್ದು ಹೀಗೆ.

ಹಾಗಾದರೆ ಹಕ್ಕಿ ತಪ್ಪಿತಸ್ಥನಾ?

ಹಕ್ಕಿ ಸೈಬೀರಿಯಾದಿಂದ ಬರುತ್ತೆ ಅನ್ನೋದು ಖಾತ್ರಿ ಆಯ್ತು. ಮಂಗನ ಕಾಯಿಲೆಯನ್ನು ಅದೇ ಹೊತ್ತು ತಂದಿತು ಅನ್ನೋದು ಮಾತ್ರ ಖಾತ್ರಿ ಆಗಲೇ ಇಲ್ಲ. ಮುಂದೆ ಜೀನೋಮ್ ಓದುವ ತಂತ್ರಜ್ಞಾನ ಬಂದಾಗ ಈ ವೈರಸ್ಸಿನ ಹತ್ತಿರದ ನೆಂಟ ಸಿಕ್ಕಿದ್ದು ಸೈಬೀರಿಯಾದಲ್ಲಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ ಅದು.

ಮಲೆನಾಡಿನಲ್ಲೇ ಕೂತು ಕೆಲಸ ಮಾಡಿದ ಸಂಶೋಧಕರಿಗೆ ಬೇರೆಯದೇ ಚಿತ್ರ ಕಾಣಿಸಿತು. ವೈರಸ್ಸು ಕಾಡಿನ ಚಿಕ್ಕ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ತನ್ನ ಪಾಡಿಗೆ ಓಡಾಡಿಕೊಂಡಿರುತ್ತೆ. ಕಾಡು ಕಡಿದು ಗದ್ದೆ ಮಾಡಿದಾಗ, ಜನ ಮತ್ತು ದನ ಕಾಡಿನ ಒಳಗೆ ಹೆಚ್ಚು ಹೋದಾಗ, ದನದ ರಕ್ತ ಕುಡಿದು ಉಣುಗು ಹೆಚ್ಚಾಗುತ್ತೆ. ಮಂಗಗಳಿಗೆ ಸೋಂಕು ತಗುಲಿ, ಅವು ಸತ್ತು ಬಿದ್ದ ಜಾಗದಲ್ಲಿ ಸೋಂಕಿನ ಉಣುಗು ಹರಡುತ್ತೆ. ಆ ದಾರಿಯಲ್ಲಿ ನಡೆದ ಮನುಷ್ಯನಿಗೆ ಕಚ್ಚುತ್ತೆ. ದೂರದಿಂದ ಬಂದ ಅತಿಥಿಯನ್ನು ಎಲ್ಲರೂ ಅನುಮಾನಿಸಿದ್ದರು, ಬದಲಾವಣೆ ಆಗಿದ್ದು ನಮ್ಮದೇ ಹಿತ್ತಲಿನಲ್ಲಿ.

ಮಂಗನ ಕಾಯಿಲೆ ಹಳೆಯ ಕಥೆ ಅಂದುಕೊಳ್ಳಬೇಡಿ. 2012ರಲ್ಲಿ ನಮ್ಮ ಪಕ್ಕದ ಬಂಡೀಪುರದಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆ ಅದು.

ಅನುಮಾನ ಅವರ ಮೇಲೆಯೇ ತಿರುಗಿದಾಗ

ಈ ಯೋಜನೆಗೆ ಒಂದು ಹಂತದಲ್ಲಿ ದುಡ್ಡು ಬಂದಿದ್ದು ಬ್ಯಾಂಕಾಕ್‌ನಲ್ಲಿದ್ದ ಅಮೆರಿಕ ಸೇನೆಯ ವೈದ್ಯಕೀಯ ಪ್ರಯೋಗಾಲಯದಿಂದ. ಅಲ್ಲಿ ಎಲಿಯಟ್ ಮೆಕ್‌ಕ್ಲೂರ್ ಅನ್ನೋ ವಿಜ್ಞಾನಿ ಏಷ್ಯಾದ ಹಲವು ದೇಶಗಳ ಉಂಗುರದ ಕೆಲಸ ನೋಡಿಕೊಳ್ಳುತ್ತಿದ್ದರು. ಶೀತಲ ಸಮರದ ಕಾಲ, ಭಾರತ ಅಲಿಪ್ತ ದೇಶ. ವಲಸೆ ಹಕ್ಕಿಗಳ ಮೂಲಕ ಶತ್ರು ದೇಶಕ್ಕೆ ರೋಗಾಣು ಕಳಿಸಬಹುದಾ ಅಂತ ಅಮೆರಿಕ ಗುಟ್ಟಾಗಿ ಪರೀಕ್ಷೆ ಮಾಡ್ತಿದೆ, ಇದೂ ಅದರದ್ದೇ ಭಾಗ ಅಂತ ಪತ್ರಿಕೆಯಲ್ಲಿ ವರದಿ ಬಂತು. ದೊಡ್ಡ ಗಲಾಟೆ ಆಗಿ, 1974-75ರಲ್ಲಿ ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯ್ತು.

ಸುಮಾರು 80 ವರ್ಷದ ಸಲೀಂ ಅಲಿ ಇದನ್ನೆಲ್ಲ ಎದುರಿಸಬೇಕಾಯ್ತು. ಅವರಿಗೆ ಬೇಕಿದ್ದದ್ದು ವಲಸೆಯ ನಕ್ಷೆ, ದುಡ್ಡು ಎಲ್ಲಿಂದ ಬಂದರೂ ಉಂಗುರ ಉಂಗುರವೇ ಅನ್ನೋದು ಅವರ ಲೆಕ್ಕ. ಆದರೆ ದೇಶಕ್ಕೆ ಕೇಳುವ ಹಕ್ಕೂ ಇತ್ತು. ಯಾವ ಹಕ್ಕಿ ಯಾವ ಗಡಿ ದಾಟುತ್ತೆ, ಅದರ ರಕ್ತದಲ್ಲಿ ಏನಿದೆ ಅನ್ನೋ ಡೇಟಾ ಬೇರೆ ದೇಶದ ಸೇನೆಯ ಕೈಗೆ ಹೋದರೆ ಅದರಿಂದ ಏನು ಮಾಡಬಹುದು? ಡೇಟಾ ಯಾರದ್ದು ಅಂತ ಇವತ್ತು ನಾವು ಆ್ಯಪ್‌ಗಳ ಬಗ್ಗೆ ಕೇಳುವ ಪ್ರಶ್ನೆಯನ್ನು ಆವತ್ತು ಬಾತುಕೋಳಿಗಳ ಬಗ್ಗೆ ಕೇಳಿದ್ದರು. ಇಬ್ಬರಲ್ಲಿ ಒಬ್ಬರನ್ನೇ ಸರಿ ಅನ್ನೋಕೆ ನನಗೆ ಆಗಲ್ಲ.

ಕೊನೆಯ ವರ್ಷಗಳಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಡಿಲನ್ ರಿಪ್ಲಿ ಜೊತೆ ಸೇರಿ ಭಾರತ ಉಪಖಂಡದ ಹಕ್ಕಿಗಳ 10 ಸಂಪುಟಗಳ ಹ್ಯಾಂಡ್‌ಬುಕ್ಕನ್ನು 1974ರ ಹೊತ್ತಿಗೆ ಮುಗಿಸಿದ್ದರು. 1976ರಲ್ಲಿ ಪದ್ಮವಿಭೂಷಣ ಬಂತು. ಪಾಲ್ ಗೆಟ್ಟಿ ಪ್ರಶಸ್ತಿಯ 50,000 ಡಾಲರನ್ನು ಸಂರಕ್ಷಣೆಯ ಕೆಲಸಕ್ಕೆ ಸೊಸೈಟಿಗೆ ಕೊಟ್ಟುಬಿಟ್ಟರು. ವಿಮಾನಗಳಿಗೆ ಹಕ್ಕಿ ಬಡಿಯುವುದನ್ನು ಕಮ್ಮಿ ಮಾಡುವ ಅಧ್ಯಯನವನ್ನೂ ಮುನ್ನಡೆಸಿದರು.

ಭರತ್‌ಪುರದಲ್ಲಿ ಇನ್ನೊಂದು ಪಾಠ ಕಾದಿತ್ತು. ಎಮ್ಮೆ, ದನ ಮೇಯಿಸುವುದರಿಂದ ಹಕ್ಕಿಗಳಿಗೆ ತೊಂದರೆ ಅಂತ ಸಂರಕ್ಷಣೆಯ ಪರ ಇದ್ದವರೆಲ್ಲ ನಂಬಿದ್ದರು, ಸಲೀಂ ಅಲಿ ಕೂಡ. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದಾಗ ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ಮುಂದೆ ಅವರದೇ ಸೊಸೈಟಿಯ ಹತ್ತು ವರ್ಷದ ಅಧ್ಯಯನ ಹೇಳಿದ್ದೇ ಬೇರೆ. ಎಮ್ಮೆಗಳು ಹುಲ್ಲು ತಿಂದು ನೀರನ್ನು ತೆರೆದಿಡುತ್ತಿದ್ದವು, ಅವು ಹೋದ ಮೇಲೆ ಹುಲ್ಲು ಬೆಳೆದು ನೀರುಹಕ್ಕಿಗಳಿಗೆ ಜಾಗವೇ ಕಮ್ಮಿ ಆಯ್ತು. ತಮ್ಮವರ ನಂಬಿಕೆಗೇ ವಿರುದ್ಧ ಬಂದ ಫಲಿತಾಂಶವನ್ನು ಸೊಸೈಟಿ ಮುಚ್ಚಿಡಲಿಲ್ಲ, ಪ್ರಕಟಿಸಿತು. ಅದನ್ನು ನೋಡೋಕೆ ಸಲೀಂ ಅಲಿ ಇರಲಿಲ್ಲ. 1985ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದ್ದರು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರು ನೋಡದ ಜ್ವರ

ಅವರು ಹೋದ ಹತ್ತು ವರ್ಷಕ್ಕೆ, 1997ರಲ್ಲಿ, ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಎಚ್‌5ಎನ್‌1 ಹಕ್ಕಿಜ್ವರ ಬಂದು 6 ಜನ ಸತ್ತರು. 2003ರಿಂದ ಈಚೆಗೆ ಪ್ರಪಂಚದಲ್ಲಿ 900ಕ್ಕೂ ಹೆಚ್ಚು ಜನರಿಗೆ ಈ ಸೋಂಕು ದೃಢಪಟ್ಟಿದೆ, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬದುಕಿಲ್ಲ. ಭಾರತದಲ್ಲಿ ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರ್ಮ್‌ಗಳಲ್ಲಿ. 2017ರ ಜನವರಿಯಲ್ಲಿ ನಮ್ಮ ಮೈಸೂರು ಮೃಗಾಲಯದಲ್ಲೂ ಹಕ್ಕಿಗಳು ಸತ್ತು, ಪರೀಕ್ಷೆಯಲ್ಲಿ ಎಚ್‌5ಎನ್‌8 ಕಂಡುಬಂದು, ಸುಮಾರು ಒಂದು ತಿಂಗಳು ಗೇಟ್ ಮುಚ್ಚಿದ್ದರು.

ಇಲ್ಲೂ ಮೊದಲು ಬೆರಳು ತೋರಿಸೋದು ವಲಸೆ ಹಕ್ಕಿಯ ಕಡೆಗೇ. ಈ ಸಲ ಅನುಮಾನದಲ್ಲಿ ನಿಜ ಇದೆ, ಪೂರ್ತಿ ನಿಜ ಅಲ್ಲ. ಇನ್‌ಫ್ಲುಯೆಂಜಾ ಎ ವೈರಸ್‌ಗಳ ಮೂಲ ಮನೆ ಕಾಡುಬಾತು ಮೊದಲಾದ ನೀರುಹಕ್ಕಿಗಳ ಕರುಳು. ಹಿಕ್ಕೆಯ ಮೂಲಕ ನೀರಿಗೆ ಬಂದು ಇನ್ನೊಂದು ಹಕ್ಕಿಗೆ ಹೋಗುತ್ತೆ, ಸಾಮಾನ್ಯವಾಗಿ ಹಕ್ಕಿಗೆ ಏನೂ ಆಗಲ್ಲ. ಅದೇ ವೈರಸ್ಸು ಸಾವಿರಾರು ಕೋಳಿ ಒತ್ತೊತ್ತಾಗಿ ಇರುವ ಫಾರ್ಮಿಗೆ ನುಗ್ಗಿದಾಗ, ಕೆಲವು ಜಾತಿಗಳು ರೂಪಾಂತರಗೊಂಡು ಮಾರಕ ಆಗುತ್ತವೆ. ಇವತ್ತಿನ ಎಚ್‌5ಎನ್‌1ರ ವಂಶ ಮೊದಲು ಸಿಕ್ಕಿದ್ದು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನ ಸಾಕಿದ ಹೆಬ್ಬಾತಿನಲ್ಲಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಇದರಿಂದ ಸತ್ತವು. ಅವುಗಳಲ್ಲಿ ಬಹಳಷ್ಟು ಪಟ್ಟೆತಲೆ ಹೆಬ್ಬಾತುಗಳು. ಅಂದರೆ ಹಕ್ಕಿಯಿಂದ ಫಾರ್ಮಿಗೆ ಹೋಗಿದ್ದು, ಫಾರ್ಮಿನಲ್ಲಿ ಕೆಟ್ಟು, ಮತ್ತೆ ಹಕ್ಕಿಗೇ ಬಂತು. ಹಕ್ಕಿ ವಾಹಕವೂ ಹೌದು, ಬಲಿಪಶುವೂ ಹೌದು. ಕೋಳಿ ತುಂಬಿದ ಲಾರಿ, ಪಂಜರ, ಮಾರುಕಟ್ಟೆ ಕೂಡ ವಾಹಕಗಳೇ.

ಮನುಷ್ಯನಿಗೆ ಸುಲಭವಾಗಿ ಯಾಕೆ ಹರಡಲ್ಲ? ವೈರಸ್ಸು ಜೀವಕೋಶದ ಒಳಗೆ ಹೋಗೋಕೆ ಅದರ ಮೇಲಿರುವ ಒಂದು ಸಕ್ಕರೆ ಅಣುವಿಗೆ ಅಂಟಿಕೊಳ್ಳಬೇಕು. ಹಕ್ಕಿಯ ಕರುಳಿನಲ್ಲಿರುವ ನಮೂನೆ ಬೇರೆ, ನಮ್ಮ ಮೂಗು ಗಂಟಲಿನದ್ದು ಬೇರೆ. ಹಕ್ಕಿಯ ನಮೂನೆ ನಮ್ಮಲ್ಲಿ ಇರೋದು ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿ. ಅದಕ್ಕೇ ಸೋಂಕು ಅಪರೂಪ, ತಗುಲಿದರೆ ಭೀಕರ. ವೈರಸ್ಸು ನಮ್ಮ ಗಂಟಲಿನ ನಮೂನೆಗೆ ಹೊಂದಿಕೊಂಡರೆ ಏನಾಗಬಹುದು ಅನ್ನೋದೇ ಎಲ್ಲರ ಚಿಂತೆ. 2024ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲೇ ಅದು ಸಿಕ್ಕಾಗ ಈ ಚಿಂತೆ ಇನ್ನೂ ಹೆಚ್ಚಾಯ್ತು.

ಇದನ್ನು ಮೊದಲೇ ಹಿಡಿಯಬೇಕಾದರೆ ಯಾವ ಹಕ್ಕಿ ಯಾವಾಗ ಎಲ್ಲಿರುತ್ತೆ ಅಂತ ಗೊತ್ತಿರಬೇಕು. ಮತ್ತೆ ಅದೇ ಸಲೀಂ ಅಲಿಯವರ ನಕ್ಷೆ! ಈಗ ಉಂಗುರದ ಜೊತೆಗೆ ಟ್ರಾನ್ಸ್‌ಮಿಟರ್ ಬಂದಿದೆ. ಒಡಿಶಾದ ಚಿಲಿಕಾ, ತಮಿಳುನಾಡಿನ ಕೂಂತನಕುಳಂನಲ್ಲಿ ಹಿಡಿದ ಪಟ್ಟೆತಲೆ ಹೆಬ್ಬಾತುಗಳ ಬೆನ್ನಿಗೆ ಅದನ್ನು ಕಟ್ಟಿ, ಅವು ಹಿಮಾಲಯ ದಾಟುವ ದಾರಿಯನ್ನು ಉಪಗ್ರಹದ ಮೂಲಕ ನೋಡಿದ್ದಾರೆ. ಬ್ಯಾಟರಿ ಹಗುರ ಮಾಡೋದು, ಸೋಲಾರ್ ಚಾರ್ಜಿಂಗ್, ಆ್ಯಂಟೆನಾ, ಡೇಟಾ ಕಂಪ್ರೆಷನ್, ಇದರಲ್ಲಿ ನಮ್ಮ ಎಲ್ಲ ಬ್ರಾಂಚಿಗೂ ಕೆಲಸ ಇದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಐಡಿಯಾ ಹುಡುಕುತ್ತಿರೋರು ಗಮನಿಸಿ.

ಪ್ರಾಜೆಕ್ಟ್ ಬೇಡ ಅನ್ನೋರೂ ಮಾಡಬಹುದಾದ ಕೆಲಸ ಇದೆ. ಕೆರೆ ಹತ್ತಿರ ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಪಶುವೈದ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನೋಕೆ ಹೆದರಬೇಕಿಲ್ಲ, ಬಿಸಿಗೆ ಈ ವೈರಸ್ಸು ಉಳಿಯಲ್ಲ. ಹಕ್ಕಿ ಕೂರುವ ಮರ ಕಡಿಯಿರಿ, ಪಟಾಕಿ ಹೊಡೆದು ಓಡಿಸಿ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಹಾಕಿದರೆ ಫಾರ್ವರ್ಡ್ ಮಾಡಬೇಡಿ. ಓಡಿಸಿದ ಹಕ್ಕಿ ವೈರಸ್ ಇದ್ದರೆ ಅದನ್ನೂ ಹೊತ್ತುಕೊಂಡೇ ಪಕ್ಕದ ಕೆರೆಗೆ ಹೋಗುತ್ತೆ.

ಮತ್ತೆ, ಡಿಸೆಂಬರ್ ಕಳೆದ ಮೇಲೆ ಬಿಡುವಿದ್ದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಿ ಬನ್ನಿ. ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಕೆಲವುಗಳ ಕತ್ತಿಗೆ ಬಣ್ಣದ ಪಟ್ಟಿ ಹಾಕಿರುತ್ತಾರೆ, ಅದರ ಮೇಲೆ ಅಕ್ಷರ, ಅಂಕಿ ಇರುತ್ತೆ. ಕಂಡರೆ ದೂರದಿಂದಲೇ ಜೂಮ್ ಮಾಡಿ ಫೋಟೋ ತೆಗೆದು, ಬಣ್ಣ, ಅಕ್ಷರ, ಜಾಗ, ದಿನಾಂಕ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಆ ಹಕ್ಕಿಯ ಎರಡನೇ ಬಿಂದು ನಿಮ್ಮ ಹತ್ತಿರ ಇರಬಹುದು.